ದಾವಣಗೆರೆಯಿಂದ ಕುಮಟೆಗೆ: ಅಲೆಯ ದಂಡೆಯಲ್ಲಿ ಲೂರ್ ಎಸೆಯುವವರಿಗೆ

ಸೂಳೆಕೆರೆಯಲ್ಲೋ ಹರಿಹರದ ಹೊಳೆಯಲ್ಲೋ ಕಪ್ಪೆ ಲೂರ್ (ಕಪ್ಪೆಯಾಕಾರದ ಕೃತಕ ಆಮಿಷ) ಎಸೆದು ಕೊರಮೀನು ಹಿಡಿದು ಕೈ ಪಳಗಿದವರು ಕಡಲಿಗೆ ಹೋದಾಗ ಮೊದಲು ಬಿಡಬೇಕಾದದ್ದು ನಿಂತ ನೀರು ಹುಡುಕುವ ಚಾಳಿ. ಕಡಲು ಕನ್ನಡಿಯಂತಿದ್ದರೆ ಮೀನಿಗೆ ಲೂರಿನ ಜೊತೆ ನೀವೂ ಕಾಣುತ್ತೀರಿ. ಮೊಣಕಾಲಿನಿಂದ ಸೊಂಟದೆತ್ತರದ ಅಲೆ, ಮೇಲೆ ನೊರೆ, ಆದರೆ ಮರಳು ಕದಡದ ಹಸಿರು ನೀರು ಸಿಕ್ಕರೆ ಅದೇ ಹಬ್ಬ. ನೊರೆಯಡಿ ಸಣ್ಣ ಮೀನು ದಿಕ್ಕುತಪ್ಪುತ್ತದೆ, ಅದನ್ನು ತಿನ್ನುವ ಟ್ರೆವಲಿ, ಕ್ವೀನ್‌ಫಿಶ್ ಅಲ್ಲಿಗೇ ನುಗ್ಗುತ್ತವೆ.

ದಾರಿ ಹಾವೇರಿ, ಶಿರಸಿ, ದೇವಿಮನೆ ಘಟ್ಟ, 200 ಕಿ.ಮೀ.ಗಿಂತ ತುಸು ಹೆಚ್ಚು. ಚಿತ್ರದುರ್ಗದವರು ಇನ್ನೊಂದು 60 ಸೇರಿಸಿಕೊಳ್ಳಿ. ಘಟ್ಟದ ರಸ್ತೆ ತೆರೆದಿದೆಯೇ ಎಂದು ಹೊರಡುವ ಮುನ್ನ ವಿಚಾರಿಸಿ. ಮುಚ್ಚಿದ್ದರೆ ಶಿವಮೊಗ್ಗ, ಸಾಗರ, ಗೇರುಸೊಪ್ಪೆ ಮೇಲೆ ಹೊನ್ನಾವರ. ಬಸ್ಸಿಗಾದರೆ ಮೂರು ತುಂಡಿನ ರಾಡೇ ಬೇಕು. ಎರಡು ತುಂಡಿನ ಹತ್ತಡಿ ರಾಡ್ ಮಡಚಿದರೂ ಐದಡಿ, ಸೀಟಿನ ಮೇಲಿನ ಕಂಬಿಯಲ್ಲಿ ನಿಲ್ಲುವುದಿಲ್ಲ. ಹೋಗುವುದಾದರೆ ಅಕ್ಟೋಬರ್‌ನಿಂದ ಫೆಬ್ರುವರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಆ ಕಡಲಿನ ದಂಡೆಯಲ್ಲಿ ರಾಡ್ ಹಿಡಿದು ನಿಲ್ಲುವುದು ಬರೀ ಮೊಂಡುತನ.

ಕೆರೆಯ ಆರೂವರೆ ಅಡಿ ರಾಡ್ ಮನೆಯಲ್ಲೇ ಇರಲಿ. 9ರಿಂದ 10 ಅಡಿ ಉದ್ದದ, 15–50 ಗ್ರಾಂ ತೂಕದ ಲೂರ್ ಎಸೆಯಬಲ್ಲ ರಾಡ್, 4000 ಅಥವಾ 5000 ಸೈಜಿನ ರೀಲ್, 20–30 ಪೌಂಡ್ ತಡೆಯುವ ಬ್ರೇಡ್ (ಹೆಣೆದ ದಾರ) 250 ಮೀಟರ್, ಅದರ ತುದಿಗೆ ಲೂರ್ ಕಟ್ಟಲು ಒಂದೂವರೆ ಮೀಟರ್ ಫ್ಲೋರೋಕಾರ್ಬನ್ ಲೀಡರ್. ಹರಿತ ಹಲ್ಲಿನ ಬರಾಕುಡ ಮೀನು ಇರುವ ಕಡೆ ಲೂರಿನ ಮುಂದೆ ಗೇಣುದ್ದ ಸ್ಟೀಲ್ ತಂತಿ ಹಾಕದಿದ್ದರೆ ಲೂರ್ ಅದರ ಪಾಲು.

ನಯವಾದ ಕಡಲು, ಒರಟು ಕಡಲು ಎರಡೂ ಒಂದೇ ದಿನದಲ್ಲಿ ಸಿಗುತ್ತವೆ. ಈ ತಿಂಗಳುಗಳಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ ಬೀಸುವುದರಿಂದ ನೀರು ನಯ. ಬಿಸಿಲೇರಿದ ಮೇಲೆ ಗಾಳಿ ಕಡಲಿನಿಂದ ತಿರುಗಿ ಅಲೆ ಏಳುತ್ತದೆ. ನಯವಾದ ನೀರಿಗೆ ಬೆಳಕು ಹರಿಯುವ ಮುನ್ನವೇ ನಿಲ್ಲಿ, ನೀರಂಚಿನಿಂದ ನಾಲ್ಕು ಹೆಜ್ಜೆ ಹಿಂದೆ. 20 ಪೌಂಡಿನ ತೆಳು ಲೀಡರ್, 15–20 ಗ್ರಾಂನ ತೇಲುವ ಮಿನ್ನೋ (ಸಣ್ಣ ಮೀನಿನಾಕಾರದ ಲೂರ್), ಬೆಳ್ಳಿ ಅಥವಾ ತಾರ್ಲೆ ಮೀನಿನ ಬಣ್ಣ. ಎಳೆದು, ನಿಲ್ಲಿಸಿ, ಮತ್ತೆ ಎಳೆಯಿರಿ. ನೀರಿನ ಮೇಲೆ ಹನಿ ಚಿಮ್ಮಿಸುವ ಲೂರ್ ಆದ ಪಾಪರ್‌ಗೂ ಇದೇ ಹೊತ್ತು. ಅಲೆಯೆದ್ದ ಮೇಲೆ ಅದು ಮಗುಚಿ ಉರುಳುತ್ತದೆ ಅಷ್ಟೆ.

ಒರಟು ನೀರಿನಲ್ಲಿ ತೇಲುವ ಲೂರನ್ನು ಅಲೆಯೇ ದಡಕ್ಕೆ ತಂದು ಬಿಸಾಡುತ್ತದೆ. 30–40 ಗ್ರಾಂನ ಸಪೂರ ಲೋಹದ ಸ್ಪೂನ್ ಅಥವಾ ಮುಳುಗುವ ಮಿನ್ನೋ ಕಟ್ಟಿ, ಎದುರುಗಾಳಿಗೆ ತಗ್ಗಾಗಿ ಎಸೆಯಿರಿ. ಲೂರ್ ನೀರು ಮುಟ್ಟಿದೊಡನೆ ರೀಲಿನ ಬೇಲನ್ನು (ದಾರ ಹಿಡಿಯುವ ತಂತಿ ಕಮಾನು) ಕೈಯಲ್ಲೇ ಮುಚ್ಚಿ ದಾರ ಬಿಗಿ ಮಾಡಿಕೊಳ್ಳಿ. ಹಾಗೆ ಮಾಡದೆ ಹ್ಯಾಂಡಲ್ ತಿರುಗಿಸಿದರೆ ಸಡಿಲ ಬ್ರೇಡ್ ಸ್ಪೂಲಿನ ಮೇಲೆ ಕುಣಿಕೆಯಾಗಿ ಕೂರುತ್ತದೆ, ಮುಂದಿನ ಎಸೆತಕ್ಕೆ ಗಂಟಾಗಿ ಹೊರಬರುತ್ತದೆ. ಗಾಳಿಯ ದಿನ ಅರ್ಧ ದಾರ ಕಳೆಯುವುದು ಹೀಗೇ. ಅಲೆ ಲೂರನ್ನು ನಿಮ್ಮತ್ತ ತಳ್ಳುವಾಗ ಬೇಗ ಸುತ್ತಿ. ನೀರು ಹಿಂದೆ ಸರಿಯುವಾಗ ಸುಮ್ಮನೆ ಹಿಡಿದಿರಿ, ಸೆಳೆತವೇ ಲೂರನ್ನು ಆಡಿಸುತ್ತದೆ. ಕೊನೆಯ ಹತ್ತು ಮೀಟರಿನಲ್ಲೂ ಮೀನು ಹೊಡೆಯುತ್ತದೆ, ಅವಸರದಲ್ಲಿ ಲೂರ್ ಎತ್ತಬೇಡಿ. ಸಿಕ್ಕ ಮೀನನ್ನು ಇಳಿಯುವ ನೀರಿಗೆದುರಾಗಿ ಎಳೆದರೆ ಕೊಕ್ಕೆ ನೇರವಾಗುತ್ತದೆ. ಮುಂದಿನ ಅಲೆಗೆ ಕಾದು ಅದರ ಜೊತೆ ಮರಳಿಗೆ ತನ್ನಿ. ಮೊಣಕಾಲುದ್ದ ನೀರಿನಲ್ಲಿ ಪಾದ ಕಾಣದಷ್ಟು ಮರಳು ಕದಡಿದ್ದರೆ, ಎಸೆದಾಗಲೆಲ್ಲ ಕೊಕ್ಕೆಗೆ ಕಸ ಬರುತ್ತಿದ್ದರೆ, ಆ ದಂಡೆ ಬಿಡಿ.

ಧಾರೇಶ್ವರದಂಥ ಉದ್ದ ಮರಳದಂಡೆಯಲ್ಲಿ ಎಸೆಯುವ ಮೊದಲು ಕಾಲು ಗಂಟೆ ಎತ್ತರದಲ್ಲಿ ನಿಂತು ನೋಡಿ. ಎರಡೂ ಬದಿ ಅಲೆ ಒಡೆಯುತ್ತಿದ್ದು, ನಡುವೆ ಒಡೆಯದ ಗಾಢ ಬಣ್ಣದ ಪಟ್ಟಿ ಕಂಡರೆ ಅದು ಆಳದ ಕಾಲುವೆ. ಮೀನು ಅದರ ಅಂಚಿನಲ್ಲೇ ಓಡಾಡುತ್ತದೆ. ದಂಡೆಗೆ ಬಿದ್ದ ನೀರು ಕಡಲಿಗೆ ಮರಳುವುದೂ ಅದೇ ದಾರಿಯಲ್ಲಿ. ಶಾಂತವಾಗಿದೆ ಎಂದು ಕೆರೆಗೆ ಇಳಿದಂತೆ ಅಲ್ಲಿಗೆ ಇಳಿದರೆ ಸೆಳೆದೊಯ್ಯುತ್ತದೆ. ಪಕ್ಕದ ಮರಳದಿಬ್ಬಕ್ಕೆದುರಾಗಿ ದಡದಲ್ಲಿ ನಿಂತು, ಓರೆಯಾಗಿ ಪಟ್ಟಿಯ ಅಂಚಿಗೆ ಎಸೆಯಿರಿ. ಅಘನಾಶಿನಿ, ಶರಾವತಿ ಹೊಳೆಗಳು ಕಡಲು ಸೇರುವ ಅಳಿವೆಗಳಲ್ಲಿ ಇಳಿತದ ಮೊದಲ ಎರಡು ಮೂರು ತಾಸು ಚೆನ್ನ, ಆದರೆ ಕಾಲು ನೀರಿಗಿಡದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಶನಿವಾರದ ಹೊತ್ತು ಭಾನುವಾರಕ್ಕೆ ನಡೆಯದು.

ನಯವಾದ ನೀರಿಗೂ ಅದರದೇ ಅಪಾಯವಿದೆ. ತೊರಕೆ ಮೀನು ಮರಳಿನಲ್ಲಿ ಹೂತು ಮಲಗಿರುತ್ತದೆ. ಹೆಜ್ಜೆ ಎತ್ತಿಡದೆ ಪಾದ ಜಾರಿಸುತ್ತಾ ನಡೆದರೆ ತಾನೇ ಸರಿಯುತ್ತದೆ. ಮುಳ್ಳು ಚುಚ್ಚಿದರೆ ತಡೆಯಬಲ್ಲಷ್ಟು ಬಿಸಿನೀರಿನಲ್ಲಿ ಕಾಲಿಟ್ಟು ಆಸ್ಪತ್ರೆಗೆ ಹೊರಡಿ.

ವಾಪಸು ಬರುವಾಗ ತೊಳೆಯುವ ಕೆಲಸ ಮನೆಗೆ ಉಳಿಸಬೇಡಿ, ದಾವಣಗೆರೆ ಮುಟ್ಟುವಷ್ಟರಲ್ಲಿ ಉಪ್ಪು ಕಟ್ಟಿರುತ್ತದೆ. ಐದು ಲೀಟರ್ ಸಿಹಿನೀರು ಗಾಡಿಯಲ್ಲಿರಲಿ. ರೀಲಿನ ಡ್ರ್ಯಾಗ್ (ದಾರದ ಬಿಗಿ ಹೊಂದಿಸುವ ತಿರುಪು) ಬಿಗಿ ಮಾಡಿ ಮೆಲ್ಲಗೆ ನೀರು ಸುರಿಯಿರಿ. ಪೈಪಿನ ರಭಸಕ್ಕೆ ಹಿಡಿದರೆ ಉಪ್ಪು ಬೇರಿಂಗಿನ ಒಳಕ್ಕೇ ಹೋಗುತ್ತದೆ. ಬಳಸಿದ ಲೂರ್‌ಗಳನ್ನು ಬೇರೆ ಡಬ್ಬಿಗೆ ಹಾಕಿ. ಒದ್ದೆ ಲೂರ್ ಒಂದೇ ಒಂದು ಒಣಗಿದವುಗಳ ಜೊತೆ ಸೇರಿದರೂ ಡಬ್ಬಿಯ ಕೊಕ್ಕೆಗಳಿಗೆಲ್ಲ ತುಕ್ಕು ಹಿಡಿಯುತ್ತದೆ. ಡ್ರ್ಯಾಗ್ ಮನೆಗೆ ಬಂದ ಮೇಲೆ ಸಡಿಲಿಸಿಡಿ.