ಓದದೆ ಉಳಿದ ಸಂದೇಶ

ಕೊಡಗಿನ ಸಿದ್ದಾಪುರದ ಆಚೆಗಿರುವ ನಮ್ಮ ತೋಟದಲ್ಲಿ ರೋಬಸ್ಟಾ ಕಾಫಿ ಕುಯ್ಲು ಆರಂಭವಾಗಿ ಅಂದಿಗೆ ನಾಲ್ಕನೆಯ ದಿನ. ಜನವರಿಯ ಮಂಜು ಇನ್ನೂ ಹರಿದಿರಲಿಲ್ಲ. ಎಂಟು ಗಂಟೆಗೆ ಸ್ವಲ್ಪ ಮೊದಲು ಹದಿನಾಲ್ಕು ಮಂದಿ ಕಾರ್ಮಿಕರು ಚೀಲಗಳನ್ನೂ ಗಿಡದ ಬುಡಕ್ಕೆ ಹಾಸುವ ಹಾಸುಗಳನ್ನೂ ಹೆಗಲಿಗೆ ಹಾಕಿಕೊಂಡು, ಮೇಸ್ತ್ರಿಯ ಹಿಂದೆ ಸಾಲಾಗಿ ಕೆರೆಯ ಬದಿಯ ತೋಟಕ್ಕೆ ಇಳಿದರು. ಹತ್ತು ನಿಮಿಷವೂ ಆಗಿರಲಿಲ್ಲ, ಮೇಸ್ತ್ರಿಯಿಂದ ಕರೆ ಬಂತು. ಧ್ವನಿ ಬಹಳ ತಗ್ಗಿತ್ತು. "ಅಮ್ಮಾ, ಎಲ್ಲರನ್ನೂ ವಾಪಸ್ ಕರ್ಕೊಂಡು ಬರ್ತಾ ಇದ್ದೇನೆ. ಲದ್ದಿ ಇನ್ನೂ ಬಿಸಿ ಇದೆ."

ಅವರು ಮಾತನಾಡದೆ, ಓಡದೆ, ಹೋದ ದಾರಿಯಲ್ಲೇ ಹಿಂದಿರುಗಿ ಕಣಕ್ಕೆ ಬಂದು ನಿಂತಾಗ ನಾನು ಒಬ್ಬೊಬ್ಬರನ್ನಾಗಿ ಎಣಿಸಿದೆ. ಹದಿನಾಲ್ಕು ಸರಿಯಾಗಿತ್ತು. ಮತ್ತೊಮ್ಮೆ ಎಣಿಸಿದೆ. ಅರಣ್ಯ ಇಲಾಖೆಯ ಸಿಬ್ಬಂದಿ ಬಂದು ಪಟಾಕಿ ಸಿಡಿಸಿ ಆನೆಯನ್ನು ಕಂದಕದ ಆಚೆಗೆ ಅಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಆಮೇಲೆ ನಾನೂ ಮೇಸ್ತ್ರಿಯೂ ಆ ಜಾಗಕ್ಕೆ ಹೋದೆವು. ಕಾಲುದಾರಿಯ ನಡುವೆ ಬಿದ್ದಿದ್ದ ಲದ್ದಿಯಲ್ಲಿ ಬಿದಿರಿನ ನಾರಿನ ಜೊತೆಗೆ ಕಾಫಿ ಬೀಜಗಳು ಎದ್ದು ಕಾಣುತ್ತಿದ್ದವು. ನಮ್ಮ ಹಣ್ಣನ್ನೇ ತಿಂದು ಹೋಗಿತ್ತು. ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಆಳೆತ್ತರದ ರೋಬಸ್ಟಾ ಗಿಡಗಳ ನಡುವೆ, ಅದು ಬಹಳ ಹೊತ್ತು ಒಂದೇ ಕಡೆ ನಿಂತಿದ್ದ ಗುರುತಿತ್ತು. ನೆಲ ತುಳಿದು ನುಣ್ಣಗಾಗಿತ್ತು. ನೆರಳಿನಲ್ಲಿ ಅಲುಗಾಡದೆ ನಿಂತ ಆನೆ ಇಪ್ಪತ್ತು ಹೆಜ್ಜೆಯಲ್ಲೂ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ಈ ಭಾಗದಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಮೇಸ್ತ್ರಿ ಬಗ್ಗಿ ಅಂಗೈಯನ್ನು ಲದ್ದಿಯ ಮೇಲೆ ಹಿಡಿದು ನೋಡಿದ್ದರಿಂದ ಹದಿನಾಲ್ಕು ಜನ ಉಳಿದರು. ನನ್ನಿಂದ ಅಲ್ಲ.

ಹಾಗೆ ಹೇಳಲು ಕಾರಣವಿದೆ. ಆ ಸಂಜೆ ಫೋನ್ ತೆರೆದು ನೋಡಿದಾಗ, ಹಿಂದಿನ ರಾತ್ರಿ 9.20ಕ್ಕೆ ಪಕ್ಕದ ತೋಟದ ಸುಬೇದಾರ್ ಮಾವ ನಮ್ಮ ಭಾಗದ ಆನೆ ಮಾಹಿತಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದಿದ್ದ ಸಂದೇಶ ಕಣ್ಣಿಗೆ ಬಿತ್ತು. "ಒಂಟಿ ಸಲಗ. ಕೆರೆ ಏರಿ ದಾಟಿ ಕೆಳಗಿನ ತೋಟದ ಕಡೆ." ಕೆಳಗಿನ ತೋಟ ಎಂದರೆ ನಮ್ಮದು. ಸಂದೇಶದಲ್ಲಿ ಒಂದು ಅಕ್ಷರವೂ ಹೆಚ್ಚಾಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ನಾನು ಅದನ್ನು ಓದಿರಲಿಲ್ಲ. ಒಂದು ತಿಂಗಳ ಹಿಂದೆಯೇ ಆ ಗುಂಪಿನ ಸದ್ದನ್ನು ನಿಲ್ಲಿಸಿಬಿಟ್ಟಿದ್ದೆ. ಆನೆ ಎಲ್ಲಿದೆ ಎಂದು ತಿಳಿಸಲು ಮಾಡಿದ್ದ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ, ಮಾರಾಟಕ್ಕಿರುವ ಜೀಪಿನ ಚಿತ್ರ, ಬೇರೆ ಯಾವುದೋ ರಾಜ್ಯದಲ್ಲಿ ಆನೆ ಬಸ್ಸನ್ನು ಅಡ್ಡಗಟ್ಟಿದ ವಿಡಿಯೋ, ಅದಕ್ಕೆ ಬಂದ ನಲವತ್ತು ಕೈಮುಗಿಯುವ ಚಿಹ್ನೆಗಳು ತುಂಬಿಕೊಂಡು, ದಿನಕ್ಕೆ ನೂರು ಸಲ ಫೋನ್ ಬಡಿದುಕೊಳ್ಳುತ್ತಿತ್ತು. ಸದ್ದು ನಿಲ್ಲಿಸಿದಾಗ ಹಾಯೆನಿಸಿತ್ತು.

9.20ಕ್ಕೆ ನಾನು ಏನು ಮಾಡುತ್ತಿದ್ದೆ ಎಂಬುದೂ ನೆನಪಿದೆ. ಲಂಡನ್ ಮಾರುಕಟ್ಟೆಯ ರೋಬಸ್ಟಾ ದರ ನೋಡುತ್ತಿದ್ದೆ. ಅಲ್ಲಿಯ ವಹಿವಾಟು ಚಳಿಗಾಲದಲ್ಲಿ ನಮ್ಮ ರಾತ್ರಿ ಹನ್ನೊಂದರ ತನಕ ನಡೆಯುತ್ತದೆ. ಟನ್ನಿಗೆ ಇಷ್ಟು ಡಾಲರ್ ಎಂದು ಏರಿಳಿಯುವ ಆ ಅಂಕಿಯನ್ನು ಎರಡು ಗುಂಪುಗಳಲ್ಲಿ ಗಂಟೆಗೊಮ್ಮೆ ಹಾಕುತ್ತಾರೆ. ನಮ್ಮ ವ್ಯಾಪಾರಿ ಕೊಡುವ ಬೆಲೆಗೆ ಆ ಅಂಕಿ ಒಂದು ಆಧಾರವೇನೋ ಹೌದು. ಆದರೆ ಅದರ ಮೇಲೆ ರೂಪಾಯಿ ಡಾಲರಿನ ಲೆಕ್ಕವಿದೆ, 50 ಕೆ.ಜಿ. ಚೆರಿಯಿಂದ, ಅಂದರೆ ಒಣಗಿಸಿದ ಕಾಫಿ ಹಣ್ಣಿನಿಂದ, ಎಷ್ಟು ಕೆ.ಜಿ. ಬೀಜ ಬರುತ್ತದೆ ಎಂಬ ಔಟ್‌ಟರ್ನ್ ಲೆಕ್ಕವಿದೆ, ಒಣಗಿದ ಹದವಿದೆ. ಅಂದು ನನ್ನ ಹಣ್ಣು ಬಹುಪಾಲು ಇನ್ನೂ ಗಿಡದಲ್ಲೇ ಇತ್ತು. ಕುಯ್ದದ್ದು ಕಣದಲ್ಲಿ ಹದಿನೈದು ದಿನ ಒಣಗದೆ ಮಾರುವ ಮಾತೇ ಇರಲಿಲ್ಲ. ಹಾಗಿದ್ದೂ ಪ್ರತಿ ರಾತ್ರಿ ಆ ಅಂಕಿಯನ್ನು ನೋಡಿಯೇ ಮಲಗುವುದು ಅಭ್ಯಾಸವಾಗಿತ್ತು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕುಳಿತು ಹಿಂದಿನ ಸಂಜೆಯಿಂದ ನನ್ನ ಫೋನಿಗೆ ಬಂದ ಸಂದೇಶಗಳನ್ನೆಲ್ಲ ಎಣಿಸಿದೆ. ಹದಿನೇಳು ಗುಂಪುಗಳಿಂದ 386. ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಗೆರೆ ಎಳೆದು, ಇದರಲ್ಲಿ ಯಾವುದನ್ನು ಓದಿದ್ದರಿಂದ ನಾನು ಮಾಡುವ ಕೆಲಸವೊಂದು ಬದಲಾಯಿತು ಎಂದು ಕೇಳಿಕೊಂಡೆ. ಮೂರು ಸಿಕ್ಕವು: ಗುರುವಾರ ವಿದ್ಯುತ್ ಇರುವುದಿಲ್ಲ ಎಂಬ ಪ್ರಕಟಣೆ, ಮಗಳು ಮೈಸೂರಿನಿಂದ ಶನಿವಾರ ಹೊರಡುತ್ತೇನೆ ಎಂದದ್ದು, ಔಷಧಿ ಅಂಗಡಿಯವರು ಅತ್ತೆಯ ಮಾತ್ರೆ ಬಂದಿದೆ ಎಂದು ಬರೆದದ್ದು. ಬದಲಾಯಿಸಬೇಕಾಗಿದ್ದ ನಾಲ್ಕನೆಯದನ್ನು ನಾನು ಓದಿರಲೇ ಇಲ್ಲ. ಉಳಿದ 382 ನನ್ನ ಕಣ್ಣ ಮುಂದೆ ಹಾದುಹೋಗಿದ್ದವು, ಇಲ್ಲವೆ ಹಾಗೇ ಬಿದ್ದಿದ್ದವು.

ಬೇಡವಾದ ಗುಂಪುಗಳನ್ನು ಬಿಟ್ಟುಬಿಡಬಾರದೇ ಎಂದು ಮಗಳು ಕೇಳುತ್ತಾಳೆ. ಕೊಡಗಿನಲ್ಲಿ ಅದು ಅಷ್ಟು ಸುಲಭವಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳು ಜರಿದಾಗ, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯೇ ಕಡಿದುಹೋದಾಗ, ಯಾರು ಎಲ್ಲಿದ್ದಾರೆ, ಯಾವ ಪರಿಹಾರ ಕೇಂದ್ರದಲ್ಲಿ ಜಾಗವಿದೆ, ಯಾವ ದಾರಿ ತೆರೆದಿದೆ ಎಂಬುದೆಲ್ಲ ಈ ಗುಂಪುಗಳಲ್ಲೇ ತಿಳಿಯಿತು. ನನ್ನ ಸೋದರಮಾವನ ಮನೆಯವರು ಜೀವಂತವಾಗಿದ್ದಾರೆ ಎಂಬುದನ್ನು ನಾನು ತಿಳಿದದ್ದು ಪರಿಚಯವೇ ಇಲ್ಲದವರೊಬ್ಬರು ಹಾಕಿದ ಒಂದು ಸಾಲಿನಿಂದ. ಅದಾದ ಮೇಲೆ ಗುಂಪು ಬಿಡುವುದೆಂದರೆ ಬಾಗಿಲ ಅಗುಳಿ ಹಾಕಿಕೊಂಡಂತೆ ಅನಿಸುತ್ತದೆ. ಅದೇ ದಿನಗಳ ವಿಡಿಯೋಗಳು ಪ್ರತಿ ಮಳೆಗಾಲದಲ್ಲಿ ಈಗ ನಡೆದದ್ದೆಂಬಂತೆ ಮರಳಿ ಬಂದು ವಯಸ್ಸಾದವರ ಎದೆಬಡಿತ ಹೆಚ್ಚಿಸುವುದನ್ನೂ ನೋಡಿದ್ದೇನೆ. ವಾಟ್ಸ್‌ಆ್ಯಪ್‌ನವರು 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸುವಂತೆ ಮಿತಿ ಹಾಕಿದರು. 2020ರಲ್ಲಿ, ಹಲವು ಕೈ ದಾಟಿ ಬಂದದ್ದನ್ನು ಒಂದೇ ಕಡೆಗೆ ಎಂದು ಬಿಗಿ ಮಾಡಿದರು. ಸುಳ್ಳು ಹರಡುವ ವೇಗಕ್ಕೆ ಅದರಿಂದ ತಡೆ ಬಿದ್ದಿರಬಹುದು. ಆದರೆ ಸುಬೇದಾರ್ ಮಾವನ ಸಂದೇಶವನ್ನು ನನ್ನಿಂದ ಮರೆಮಾಡಿದ್ದು ಸುಳ್ಳಲ್ಲ. ಪ್ರೀತಿಯಿಂದ ಕಳುಹಿಸಿದ ನಿಜವಾದ ಶುಭಾಶಯಗಳು.

ಮರುದಿನ ಮಾವನ ಮನೆಗೆ ಹೋದೆ. ಸೈನ್ಯದಿಂದ ನಿವೃತ್ತರಾಗಿ ಇಪ್ಪತ್ತು ವರ್ಷವಾದರೂ ಅವರ ದಿನಚರಿ ಬದಲಾಗಿಲ್ಲ. ಬೆಳಿಗ್ಗೆ ಮಡಿಕೇರಿ ಆಕಾಶವಾಣಿಯಲ್ಲಿ ಪ್ರದೇಶ ಸಮಾಚಾರ ಕೇಳಿ ರೇಡಿಯೋ ಆರಿಸುತ್ತಾರೆ, ಹತ್ತು ಗಂಟೆಗೆ 'ಶಕ್ತಿ' ಪತ್ರಿಕೆಯನ್ನು ಮರಣದ ಸುದ್ದಿಯಿಂದ ಆರಂಭಿಸಿ ಕೊನೆಯ ಪುಟದ ವರೆಗೆ ಓದಿ ಮಡಚಿಡುತ್ತಾರೆ, ಫೋನನ್ನು ರಾತ್ರಿ ಊಟದ ನಂತರ ಒಮ್ಮೆ ನೋಡುತ್ತಾರೆ. ಅವರಿಗೆ ನಮಗಿಂತ ಕಡಿಮೆ ತಿಳಿದಿದೆ ಎಂದು ಯಾರೂ ಹೇಳಲಾರರು. ನಾನು ಕ್ಷಮೆ ಕೇಳಿದಾಗ ಅವರು ಅದನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಕೂಸೇ, ತಪ್ಪು ನಂದೂ ಇದೆ. ಸೈನ್ಯದಲ್ಲಿ ಸಂದೇಶ ಕೊಟ್ಟರೆ ಸಾಲದು, ಮುಟ್ಟಿತು ಅಂತ ಆ ಕಡೆಯಿಂದ ಉತ್ತರ ಬರಬೇಕು. ನಾನು ಬರೆದು ಮಲಗಿಬಿಟ್ಟೆ."

ಆ ಮಾತನ್ನು ಹಿಡಿದುಕೊಂಡು ನಾವಿಬ್ಬರೂ ಅಕ್ಕಪಕ್ಕದ ಆರು ತೋಟದವರನ್ನು ಕೂರಿಸಿ ಮಾತನಾಡಿದೆವು. ಗುಂಪಿನಲ್ಲಿ ನಾಲ್ಕೈದು ಮಂದಿಗೆ ಮಾತ್ರ ಬರೆಯುವ ಅವಕಾಶ ಇಡೋಣ ಎಂದು ಒಬ್ಬರು ಹೇಳಿದರು. ಆನೆಯನ್ನು ಮೊದಲು ಕಾಣುವವರು ಹಾಲು ಹಾಕಲು ಹೋಗುವ ಹುಡುಗ, ಬೆಳಗಿನ ಬಸ್ಸಿಗೆ ನಡೆಯುವ ಹೆಂಗಸರು, ಅವರ ಬಾಯಿ ಕಟ್ಟಿದರೆ ಗುಂಪು ಏತಕ್ಕೆ ಎಂದು ಇನ್ನೊಬ್ಬರು ಕೇಳಿದ್ದು ನ್ಯಾಯವಾಗಿತ್ತು. ಕೊನೆಗೆ ಬೇರೊಂದು ಗುಂಪು ಮಾಡಿದೆವು: ಜಾಗ, ಸಮಯ, ಯಾವ ದಿಕ್ಕಿಗೆ, ಅಷ್ಟೇ. ಧನ್ಯವಾದವೂ ಬೇಡ. ಗಣರಾಜ್ಯೋತ್ಸವದ ದಿನ ಬೆಳಿಗ್ಗೆ ಆರಕ್ಕೇ ಅದರಲ್ಲಿ ಬಾವುಟದ ಚಿತ್ರ ಬಂತು. ಹಾಕಿದವರು ತಾವೇ ಅಳಿಸಿದರು.

ಗುಂಪಿಗಿಂತ ಮುಖ್ಯವಾದದ್ದು ಬೇರೆ ಇತ್ತು. ನನ್ನ ಹದಿನಾಲ್ಕು ಮಂದಿಯಲ್ಲಿ ಒಂಬತ್ತು ಜನ ಅಸ್ಸಾಮಿನವರು. ಕನ್ನಡ ಓದಲು ಬಾರದು, ಅವರಲ್ಲಿ ಕೆಲವರಿಗೆ ಯಾವ ಲಿಪಿಯೂ ಬಾರದು. ಸಂದೇಶವನ್ನು ನಾನು ಓದಿದ್ದರೂ ಅದು ಅವರಿಗೆ ತಲುಪಲು ಒಂದು ಬಾಯಿ ಬೇಕಿತ್ತು. ಈಗ ಗೋದಾಮಿನ ಬಾಗಿಲಿನ ಪಕ್ಕದಲ್ಲಿ ಕರಿಹಲಗೆ ತೂಗುಹಾಕಿದ್ದೇವೆ. ಅದರ ಮೇಲೆ ತೋಟದ ನಕ್ಷೆಯನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದೇವೆ: ಕೆರೆ, ಕಾರ್ಮಿಕರ ಲೈನ್ ಮನೆ, ಕಣ, ಕಂದಕ. ಆನೆ ಇರುವ ಕಡೆ ಮೇಸ್ತ್ರಿ ಕೆಂಪು ಸುಣ್ಣದಕಡ್ಡಿಯಿಂದ ಗುಂಡಗೆ ಗೆರೆ ಎಳೆಯುತ್ತಾನೆ. ಅವನು ಹಲಗೆ ಮುಟ್ಟುವ ತನಕ ಯಾರೂ ಚೀಲ ಎತ್ತುವುದಿಲ್ಲ. ಅಸ್ಸಾಮಿನವರ ಪೈಕಿ ಹಿರಿಯವನೊಬ್ಬ ಅದನ್ನು ನೋಡಿ ತನ್ನ ಭಾಷೆಯಲ್ಲಿ ಧ್ವನಿ ಸಂದೇಶ ಮಾಡಿ ಪಕ್ಕದ ತೋಟಗಳಲ್ಲಿರುವ ತನ್ನವರಿಗೂ ಕಳುಹಿಸುತ್ತಾನೆ.

ಕಾಫಿ ದರವನ್ನು ಈಗ ಶನಿವಾರ ಮಾತ್ರ ನೋಡುತ್ತೇನೆ. ಮೊದಲ ವಾರ ಕಷ್ಟವಾಯಿತು, ರಾತ್ರಿ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ವರ್ಷಕ್ಕೆ ಮೂರು ಸಲ ಮಾರುವ ನನಗೆ ಅಷ್ಟು ಸಾಕು.

ಆನೆಯ ವಿಷಯ ಮಾತ್ರ ಕರೆಯಲ್ಲೇ. ರಾತ್ರಿ ಎಂಟೂವರೆಗೆ ಮಾವ ಕರೆ ಮಾಡುತ್ತಾರೆ, ನಾನು ಮೇಸ್ತ್ರಿಗೆ ಮಾಡುತ್ತೇನೆ, ಅವನು ಕೇಳಿದ್ದನ್ನು ನನಗೆ ತಿರುಗಿ ಹೇಳುತ್ತಾನೆ. ಆನೆ ಇಲ್ಲದ ದಿನ ಕರೆ ಏಕೆ ಎಂದು ಮೊದಮೊದಲು ಕೇಳಿದ್ದೆ. ಸುಮ್ಮನಿದ್ದರೆ ಆನೆ ಇಲ್ಲದಿರುವುದಕ್ಕೋ, ಫೋನ್ ಸಿಗದಿರುವುದಕ್ಕೋ ಎಂದು ನಿನಗೆ ಹೇಗೆ ತಿಳಿಯಬೇಕು ಎಂದರು. ನಿನ್ನೆ ಮಳೆಗೆ ನೆಟ್‌ವರ್ಕ್ ಹೋಗಿ ಎಂಟೂವರೆ ದಾಟಿತು, ಒಂಬತ್ತೂ ಆಯಿತು. ನಾನು ಕರಿಹಲಗೆಯ ಮೇಲೆ ನಾಳೆಗೆ ಕೆಲಸವಿಲ್ಲ ಎಂದು ಬರೆಸಲು ಎದ್ದು ಚಪ್ಪಲಿ ಮೆಟ್ಟುತ್ತಿದ್ದಾಗ ಗೇಟಿನ ಬಳಿ ಟಾರ್ಚ್ ಬೆಳಕು ಕಾಣಿಸಿತು. ಕೊಡೆ ಹಿಡಿದು ಮಾವನ ಮೊಮ್ಮಗ ನಿಂತಿದ್ದ. "ಏನಿಲ್ಲ ಅಂತೆ ಅತ್ತೆ," ಎಂದ, "ತಾತ ಹೇಳಿ ಬಾ ಅಂದ್ರು."