ಫಾರಂ ನಾಲ್ಕು ಒತ್ತುವ ಮೊದಲು ಕೇಳಬೇಕಾದ ಪ್ರಶ್ನೆ

ಏಪ್ರಿಲ್ ಬಂದರೆ ನಮ್ಮ ಆಫೀಸಿನಲ್ಲಿ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ವರ್ಷದ ಮನೆ ಕಂದಾಯ, ಅಂದರೆ ಆಸ್ತಿ ತೆರಿಗೆ, ಪೂರ್ತಿ ಒಟ್ಟಿಗೆ ಕಟ್ಟಿದರೆ 5% ರಿಯಾಯಿತಿ. ಅದು ಕೈತಪ್ಪಬಾರದು ಅಂತ ಬೆಂಗಳೂರಿನ ಮನೆ ಮಾಲೀಕರೆಲ್ಲ ಒಂದೇ ಸಲ ಎದ್ದು ಕೂರುತ್ತಾರೆ. ನಮ್ಮದು ಸಣ್ಣ ಆಡಿಟರ್ ಆಫೀಸು. ಒಂದು ಟೇಬಲ್ ಇನ್‌ಕಮ್ ಟ್ಯಾಕ್ಸ್, ಒಂದು ಜಿಎಸ್‌ಟಿ, ಮೂಲೆಯದು ಕಂದಾಯ. ಆ ಮೂಲೆ ನನ್ನದು. ಮಕ್ಕಳು ಹೊರದೇಶದಲ್ಲಿರುವ ವಯಸ್ಸಾದವರು, ಇಲ್ಲಿ ಸೈಟು ಇಟ್ಟು ಬೇರೆ ಊರಲ್ಲಿ ಕೆಲಸ ಮಾಡುವವರು, ಇಂಥವರ ಪರವಾಗಿ ಆನ್‌ಲೈನಲ್ಲಿ ಕಟ್ಟಿ ರಸೀದಿಯನ್ನು ವಾಟ್ಸಾಪ್ ಮಾಡುವುದು ನನ್ನ ಕೆಲಸ. ಸಂಜೆ ಸಾಹೇಬರು ಬಂದು ಕೇಳುವುದು ಒಂದೇ ಮಾತು, "ಇವತ್ತು ಎಷ್ಟು ರಸೀದಿ ಆಯ್ತು?"

ರಸೀದಿ ಎಣಿಸುವ ಈ ಅಭ್ಯಾಸದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಯಾಕೆ ಅಂತ ಹೇಳುತ್ತೇನೆ.

ಫಾರಂ ನಾಲ್ಕು ಅಂದರೆ ಹೋದ ವರ್ಷಕ್ಕೂ ಈ ವರ್ಷಕ್ಕೂ ಏನೂ ಬದಲಾವಣೆ ಇಲ್ಲ ಅಂತ ಮಾಲೀಕರ ಘೋಷಣೆ. ಅಪ್ಲಿಕೇಶನ್ ನಂಬರ್ ಹಾಕಿ, ಹೆಸರು ನೋಡಿ, ದುಡ್ಡು ಕಟ್ಟಿದರೆ ಮುಗಿಯಿತು. ಬದಲಾವಣೆ ಇದ್ದರೆ ತುಂಬಬೇಕಾದ ಫಾರಂ ಐದು ಹಾಗಲ್ಲ. ಮಹಡಿ ಮಹಡಿಗೆ ಚದರಡಿ ಬೇಕು, ಕಟ್ಟಿದ ವರ್ಷ ಬೇಕು, ಎಷ್ಟು ಭಾಗ ಸ್ವಂತಕ್ಕೆ, ಎಷ್ಟು ಬಾಡಿಗೆಗೆ, ಪಾರ್ಕಿಂಗ್ ಎಷ್ಟು ಅಂತ ಒಂದೊಂದೇ ತುಂಬಬೇಕು. ನಡುವೆ ಪೇಜ್ ಕೈಕೊಟ್ಟರೆ ಮೊದಲಿಂದ ಶುರು. ಹೊರಗೆ ಜನ ಕಾಯುತ್ತಿರುವಾಗ, ಸಂಜೆ ಲೆಕ್ಕ ಒಪ್ಪಿಸಬೇಕಾಗಿರುವಾಗ, ಯಾರ ಕೈಯಾದರೂ ಫಾರಂ ನಾಲ್ಕಿನ ಕಡೆಗೇ ಹೋಗುತ್ತದೆ, ಅಲ್ವಾ? "ಏನಾದ್ರೂ ಬದಲಾವಣೆ ಇದೆಯಾ?" ಅಂತ ಕೇಳುತ್ತೇವೆ. "ಏನಿಲ್ಲಪ್ಪ, ಹೋದ ವರ್ಷದ ಹಾಗೇ" ಅನ್ನುತ್ತಾರೆ. ಒತ್ತಿಬಿಡುತ್ತೇವೆ.

ಟೀಚರಮ್ಮನ ಮನೆಗೆ ನೋಟಿಸ್ ಬಂದದ್ದು ಹೀಗೇ ವರ್ಷಗಟ್ಟಲೆ ಒತ್ತಿದ ಮೇಲೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. 2008ರಿಂದ ಇಲ್ಲಿಯವರೆಗಿನ ರಸೀದಿಗಳನ್ನೆಲ್ಲ ವರ್ಷದ ಪ್ರಕಾರ ಜೋಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದರು. ಒಂದು ವರ್ಷವೂ ಬಾಕಿ ಇಲ್ಲ. ಒಂದು ಸಲವೂ ಏಪ್ರಿಲ್ ದಾಟಿಲ್ಲ. "ನಾನು ಯಾವತ್ತು ಕಟ್ಟಿಲ್ಲ ಹೇಳು? ಬಾಕಿ ಅಂತ ಬರೆದಿದ್ದಾರಲ್ಲ, ಬೀದಿಯವರ ಮುಂದೆ ಮಾನ ಹೋದ ಹಾಗಾಯ್ತು" ಅಂದರು. ಅವರಿಗೆ ದುಡ್ಡಿಗಿಂತ ಆ 'ಬಾಕಿ' ಅನ್ನುವ ಮಾತೇ ಜಾಸ್ತಿ ನೋವು ಕೊಟ್ಟಿತ್ತು.

ನೋಟಿಸ್ ನೋಡಿದ ತಕ್ಷಣ ನನಗೆ ಹೊಳೆದದ್ದು ವಲಯದ ತಕರಾರು. ನಮ್ಮ ಟೇಬಲ್ಲಿಗೆ ಆಗ ಬರುತ್ತಿದ್ದ ನೋಟಿಸುಗಳಲ್ಲಿ ಜಾಸ್ತಿ ಅದೇ. ಬೆಂಗಳೂರಿನಲ್ಲಿ 2008ರಿಂದ ಬೀದಿಗಳನ್ನು ಮಾರ್ಗಸೂಚಿ ದರದ (ನೋಂದಣಿಗೆ ಸರ್ಕಾರ ಗೊತ್ತುಮಾಡುವ ಬೆಲೆ) ಮೇಲೆ ಎ ಇಂದ ಎಫ್ ತನಕ ಆರು ವಲಯ ಮಾಡಿದ್ದಾರೆ. ವಲಯಕ್ಕೆ ತಕ್ಕ ಹಾಗೆ ಚದರಡಿಗೆ ದರ. 2016ರಲ್ಲಿ ದರವನ್ನೂ ವಲಯವನ್ನೂ ಪರಿಷ್ಕರಿಸಿದರು. ಬೀದಿ ಮೇಲಿನ ವಲಯಕ್ಕೆ ಹೋಗಿದ್ದರೂ ಸಾವಿರಾರು ಜನ ಹಳೆಯ ವಲಯದಲ್ಲೇ ಕಟ್ಟಿಕೊಂಡು ಬಂದಿದ್ದರು. ಅವರಿಗೆಲ್ಲ ಆಮೇಲೆ ನೋಟಿಸ್ ಹೋಯಿತು. ಇದೂ ಅದೇ ಜಾತಿ ಅಂದುಕೊಂಡು ಗೆಜೆಟ್ ಪುಟ ಪ್ರಿಂಟ್ ತೆಗೆದೆ. ಅವರ ಬೀದಿಯ ಹೆಸರಿಗೆ ಹಳದಿ ಪೆನ್ನಿನಲ್ಲಿ ಗೆರೆ ಹಾಕಿದೆ. ವಲಯ ಸರಿಯಾಗೇ ಇತ್ತು. ಸುಲಭದ ಕೇಸ್ ಅಂತ ಧೈರ್ಯವಾಗಿ ಆಕ್ಷೇಪಣೆ ಬರೆದುಕೊಟ್ಟೆ.

ಸ್ಥಳ ತನಿಖೆಗೆ ಆರ್‌ಐ, ಅಂದರೆ ಪಾಲಿಕೆಯ ಕಂದಾಯ ನಿರೀಕ್ಷಕರು, ಬಂದರು. ಜೊತೆಗೊಬ್ಬ ಹುಡುಗ, ಕೈಯಲ್ಲಿ ಟೇಪು. ಟೇಪಿನ ಇನ್ನೊಂದು ತುದಿ ನನ್ನ ಕೈಗೆ ಬಂತು. ಕೆಳಗಿನ ಮನೆಯನ್ನು ಹೊರಗೋಡೆಯಿಂದ ಹೊರಗೋಡೆಗೆ ಅಳೆದೆವು. ಹಿಂದುಗಡೆ ಬಟ್ಟೆ ಒಗೆಯುವ ಜಾಗಕ್ಕೆ ಶೀಟು ಹಾಕಿಸಿದ್ದರು, ಅದನ್ನೂ ಬರೆದುಕೊಂಡರು. ಎಲ್ಲ ಫಾರಂನಲ್ಲಿದ್ದ ಅಳತೆಗೆ ಹತ್ತಿರವೇ ಬಂತು. ನನಗೆ ಇನ್ನೂ ಧೈರ್ಯ ಬಂತು.

ಆಮೇಲೆ ಅವರು ಮೆಟ್ಟಿಲ ಕೆಳಗೆ ಬಗ್ಗಿದರು. ಮೀಟರ್ ಬೋರ್ಡ್ ಇದ್ದದ್ದು ಅಲ್ಲಿ. ಎರಡು ಮೀಟರು. ಒಂದು ಹಳೆಯದು, ಸುಣ್ಣದ ಕಲೆ ಮೆತ್ತಿಕೊಂಡಿತ್ತು. ಇನ್ನೊಂದು ಹೊಸದು, ಅದರ ಪಕ್ಕ ಮಾರ್ಕರ್ ಪೆನ್ನಿನಲ್ಲಿ 'ಮೇಲಿನ ಮನೆ' ಅಂತ ಬರೆದಿತ್ತು. ಎರಡೂ ಓಡುತ್ತಿದ್ದವು. ಆರ್‌ಐ ಎದ್ದು ನಿಂತು, "ಮೇಲೆ ಯಾರಿದ್ದಾರಮ್ಮ?" ಅಂದರು.

"ನಮ್ಮೋರೇ ಸರ್" ಅಂದರು ಟೀಚರಮ್ಮ.

ಅವರ ಮುಖ ನೋಡಿದೆ. ಆಗ ನೆನಪಾಯಿತು. ಅದರ ಹಿಂದಿನ ಜುಲೈಯಲ್ಲಿ ಪಕ್ಕದ ಟೇಬಲ್ಲಿನವರು ಇವರದೇ ಫೈಲ್ ತೆರೆದಿಟ್ಟುಕೊಂಡು ಬಾಡಿಗೆ ಕರಾರು ಸ್ಕ್ಯಾನ್ ಮಾಡುತ್ತಿದ್ದರು. ಮಗ ಹೈದರಾಬಾದಿಗೆ ಹೋದ ಮೇಲೆ ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಇನ್‌ಕಮ್ ಟ್ಯಾಕ್ಸ್ ರಿಟರ್ನಿನಲ್ಲಿ ಆ ಬಾಡಿಗೆಯನ್ನು ಪ್ರತಿ ವರ್ಷ ತೋರಿಸುತ್ತಿದ್ದವರು ನಾವೇ. ಅಷ್ಟೇ ಅಲ್ಲ, ಬಾಡಿಗೆ ಮನೆಗೆ ಕಟ್ಟಿದ ಕಂದಾಯವನ್ನು ಬಾಡಿಗೆ ಆದಾಯದಲ್ಲಿ ಕಳೆದು ತೋರಿಸಬಹುದು. ಅದಕ್ಕೆ ಪಕ್ಕದ ಟೇಬಲ್ಲಿನವರು ಆಧಾರವಾಗಿ ಫೈಲಿನಲ್ಲಿ ಇಡುತ್ತಿದ್ದದ್ದು ನಾನು ತೆಗೆದುಕೊಟ್ಟ ರಸೀದಿ. ಆ ರಸೀದಿಯಲ್ಲಿ ಇಡೀ ಕಟ್ಟಡ ಸ್ವಂತ ವಾಸ ಅಂತ ಇದೆ. ಒಂದೇ ಆಫೀಸಿನಿಂದ, ಒಂದೇ ಮನೆಯ ಬಗ್ಗೆ, ಸರ್ಕಾರಕ್ಕೆ ಎರಡು ಬೇರೆ ಬೇರೆ ಮಾತು ಹೋಗುತ್ತಿತ್ತು.

ಆರ್‌ಐ ನನ್ನ ಕಡೆ ತಿರುಗಿದರು. "ನೀವು ಆಡಿಟರ್ ಕಡೆಯವರಲ್ವಾ? ನೀವು ಹೇಳಿ." ಟೇಪು ಇನ್ನೂ ನನ್ನ ಕೈಯಲ್ಲಿತ್ತು. ಮೇಲಿನ ಮನೆಯಲ್ಲಿ ಕುಕ್ಕರ್ ಕೂಗಿತು. ಹೌದು ಅಂದರೆ ಸುಳ್ಳು ಹೇಳಿದ ಹಾಗೆ. ಇಲ್ಲ ಅಂದರೆ ನಂಬಿ ಬಂದ ಹಿರಿಯರನ್ನು ಅವರ ಮನೆ ಅಂಗಳದಲ್ಲೇ ಬಿಟ್ಟುಕೊಟ್ಟ ಹಾಗೆ. "ಸರ್, ಎರಡು ನಿಮಿಷ ಕೊಡಿ" ಅಂತ ಕೇಳಿಕೊಂಡು ಅವರನ್ನು ಒಳಗೆ ಕರೆದುಕೊಂಡು ಹೋದೆ.

"ಅಮ್ಮ, ಬಾಡಿಗೆ ನಿಮ್ಮ ರಿಟರ್ನಿನಲ್ಲೇ ಇದೆ. ಇಲ್ಲಿ ಇಲ್ಲ ಅನ್ನೋಕೆ ಆಗಲ್ಲ."

"ಬಾಡಿಗೆಗೆ ಟ್ಯಾಕ್ಸ್ ಕಟ್ತಿದ್ದೀನಲ್ಲಪ್ಪ. ಅದಕ್ಕೂ ಮನೆ ಕಂದಾಯಕ್ಕೂ ಏನು ಸಂಬಂಧ?"

ಸಂಬಂಧ ಇದೆ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಹಾಗಾದ್ರೆ ಇಷ್ಟು ವರ್ಷ ನೀವು ಯಾಕೆ ನನ್ನ ಕೇಳಲಿಲ್ಲ?" ನಾನು ಉತ್ತರ ಕೊಡಲಿಲ್ಲ. ಅವರೇ ಹೊರಗೆ ಹೋದರು. "ಮೇಲಿನದು ಬಾಡಿಗೆಗೆ ಕೊಟ್ಟಿದ್ದೀನಿ ಸರ್. ಇದಕ್ಕೆ ಬೇರೆ ಲೆಕ್ಕ ಅಂತ ನನಗೆ ಗೊತ್ತಿರಲಿಲ್ಲ" ಅಂತ ನೇರವಾಗಿ ಹೇಳಿಬಿಟ್ಟರು. ಆರ್‌ಐ ಜೋರು ಮಾಡಲಿಲ್ಲ. ಮೇಲಿನ ಮಹಡಿ ಅಳೆದು, ಕರಾರಿನ ಪ್ರತಿ ಕೇಳಿ ಹೋದರು.

ಟೀಚರಮ್ಮ ಕೇಳಿದ 'ಏನು ಸಂಬಂಧ' ಅನ್ನುವ ಪ್ರಶ್ನೆಯನ್ನು ಓದಿದವರು, ದೊಡ್ಡ ಕೆಲಸದಲ್ಲಿರುವವರು ಕೂಡ ಕೇಳುತ್ತಾರೆ. ಆದ್ದರಿಂದ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ. ಇಲ್ಲಿಯ ಪದ್ಧತಿಯಲ್ಲಿ ಚದರಡಿ ದರ ನಿಂತಿರುವುದೇ ಆ ಜಾಗದಲ್ಲಿ ಕಟ್ಟಡದಿಂದ ಎಷ್ಟು ಆದಾಯ ಬರಬಹುದು ಅನ್ನುವ ಅಂದಾಜಿನ ಮೇಲೆ. ವರ್ಷಕ್ಕೆ ಹತ್ತೇ ತಿಂಗಳು ಲೆಕ್ಕ ಹಾಕುತ್ತಾರೆ, ಎರಡು ತಿಂಗಳು ರಿಪೇರಿ ಖರ್ಚಿಗೆ ಅಂತ ಬಿಟ್ಟಿದ್ದಾರೆ. ಸ್ವಂತ ವಾಸದ ದರ ಬಾಡಿಗೆಯ ದರದ ಅರ್ಧ. 2008ರ ಮೊದಲ ಪಟ್ಟಿಯನ್ನೇ ತೆಗೆದುಕೊಳ್ಳಿ. ಡಿ ವಲಯದಲ್ಲಿ ಆರ್‌ಸಿಸಿ ಮನೆಗೆ ಸ್ವಂತ ವಾಸವಾದರೆ ಚದರಡಿಗೆ ತಿಂಗಳಿಗೆ 1.60 ರೂಪಾಯಿ, ಬಾಡಿಗೆಯಾದರೆ 3.20. ಒಂದು ಮಹಡಿ 1,200 ಚದರಡಿ ಇದ್ದರೆ, 1.60ರ ಲೆಕ್ಕದಲ್ಲಿ ಹತ್ತು ತಿಂಗಳಿಗೆ 19,200. ಅದರ 20% ತೆರಿಗೆ, ಅಂದರೆ 3,840. ಬಾಡಿಗೆಗೆ ಕೊಟ್ಟರೆ 7,680. ಕಟ್ಟಡ ಹಳೆಯದಾದ ಹಾಗೆ ಸವಕಳಿ ಕಳೆಯುತ್ತಾರೆ, ಇಲ್ಲಿ ಅದನ್ನು ಬಿಟ್ಟಿದ್ದೇನೆ.

ಈಗ ದಂಡ ನೋಡಿ. ವರ್ಷಕ್ಕೆ ವ್ಯತ್ಯಾಸ 3,840. ಕಡಿಮೆ ಘೋಷಿಸಿದ್ದು ತಪಾಸಣೆಯಲ್ಲಿ ಸಿಕ್ಕಿದರೆ ಆಗಿನ ನಿಯಮದಲ್ಲಿ ವ್ಯತ್ಯಾಸದ ದುಪ್ಪಟ್ಟು ದಂಡ, ಅಂದರೆ 7,680. ಮೇಲೆ ತಿಂಗಳಿಗೆ 2% ಬಡ್ಡಿ. ಒಂದೇ ವರ್ಷಕ್ಕೆ ಇಷ್ಟಾದರೆ, ಹಿಂದಿನ ವರ್ಷಗಳನ್ನೆಲ್ಲ ಒಟ್ಟು ಹಾಕಿದ ಹಾಳೆ ಕೈಗೆ ಬಂದಾಗ ಪಿಂಚಣಿಯಲ್ಲಿ ಬದುಕುವವರಿಗೆ ಎದೆ ಧಸಕ್ಕೆನ್ನದೆ ಇರುತ್ತದೆಯೇ?

ನೋಟಿಸ್ ಇಡೀ ಕಟ್ಟಡದ ಮೇಲೆ ಬಂದಿತ್ತು. ಬಾಡಿಗೆ ದರ ಬೀಳುವುದು ಬಾಡಿಗೆಗೆ ಕೊಟ್ಟ ಭಾಗಕ್ಕೆ ಮಾತ್ರ. ಕರಾರಿನ ತಾರೀಕಿಗಿಂತ ಹಿಂದಿನ ವರ್ಷಗಳಿಗೆ ಅದೂ ಇಲ್ಲ. ನಾನು ಮೊದಲೇ ಬರೆಯಬೇಕಾಗಿದ್ದ ಆಕ್ಷೇಪಣೆ ಇದು. ವಲಯದ ಕಾಗದ ಬದಿಗಿಟ್ಟು, ಮಹಡಿವಾರು ಲೆಕ್ಕದ ಹಾಳೆ ಮಾಡಿ, ಕರಾರು ಲಗತ್ತಿಸಿ ಕೊಟ್ಟೆವು. ಕೆಳಗಿನ ಮನೆ ಲೆಕ್ಕದಿಂದ ಹೊರಗೆ ಬಂತು. ಆಮೇಲೆ 2024ರಲ್ಲಿ ಒಂದು ಬಾರಿಯ ಇತ್ಯರ್ಥ ಯೋಜನೆ ಬಂತು. ಬಡ್ಡಿ ಮನ್ನಾ, ದಂಡದಲ್ಲಿ ಅರ್ಧ ಕಡಿತ. ಆ ವರ್ಷದ ನವೆಂಬರ್ ಕೊನೆಯ ತನಕ ಅವಕಾಶ ಇತ್ತು. ಟೀಚರಮ್ಮ ಅದರಲ್ಲೇ ಕಟ್ಟಿ ಮುಗಿಸಿದರು. ಅಂಥ ಯೋಜನೆ ಬೇಕೆಂದಾಗ ಬರುವುದಿಲ್ಲ. ಇನ್ನೊಂದು ಬರಲಿ ಅಂತ ಕಾಯುತ್ತಾ ಕೂತವರು ನನ್ನ ಲಿಸ್ಟಿನಲ್ಲಿ ಈಗಲೂ ಇದ್ದಾರೆ. ಅವರಿಗೆ ಹೇಳಿ ಹೇಳಿ ಸಾಕಾಗಿದೆ.

ಇನ್ನು ರಸೀದಿಯ ಕೆಳಗಿನ ಸಾಲುಗಳು. "ತೆರಿಗೆ ಇಷ್ಟು ಅಂದ್ರಿ, ಕಟ್ಟಿಸಿಕೊಂಡದ್ದು ಅಷ್ಟು" ಅನ್ನುವ ಜಗಳ ಹುಟ್ಟುವುದು ಅಲ್ಲಿಂದ. ತೆರಿಗೆಯ ಮೇಲೆ ಉಪಕರ ಬೀಳುತ್ತದೆ. ಆರೋಗ್ಯಕ್ಕೆ 15%, ಗ್ರಂಥಾಲಯಕ್ಕೆ 6%, ಭಿಕ್ಷುಕರ ಪುನರ್ವಸತಿಗೆ 3%, ಆಮೇಲೆ ಸೇರಿಕೊಂಡ ನಗರ ಸಾರಿಗೆಯದು 2%. ಒಟ್ಟು 26%. ಗ್ರಂಥಾಲಯದ್ದು 1965ರ ಕಾಯ್ದೆಯಿಂದ ಬಂದದ್ದು, ಭಿಕ್ಷಾಟನೆಯದು 1975ರದು. ಹಾಗಾಗಿ ಇದು ಹೊಸ ವಸೂಲಿ ಅಂತ ಕೌಂಟರಿನಲ್ಲಿ ಕೂಗಾಡಿ ಪ್ರಯೋಜನ ಇಲ್ಲ. ಕಸದ ಶುಲ್ಕದ ದಾರಿ ಬೇರೆ. ಅದು ತೆರಿಗೆಯ ಶೇಕಡಾವಾರು ಅಲ್ಲ, ಕಟ್ಟಡದ ಅಳತೆಯ ಮೇಲೆ. ಏಪ್ರಿಲ್ 2025ರಿಂದ 600 ಚದರಡಿ ತನಕದ ಮನೆಗೆ ತಿಂಗಳಿಗೆ 10 ರೂಪಾಯಿ, 1,000 ಚದರಡಿ ತನಕ 50, 2,000 ತನಕ 100. ಹೀಗೆ ಏರುತ್ತಾ 4,000 ಚದರಡಿ ಮೀರಿದರೆ 400. ಅಳತೆ ತಪ್ಪಾಗಿ ನಮೂದಾಗಿದ್ದರೆ ತೆರಿಗೆಯಲ್ಲೂ ಪೆಟ್ಟು, ಇಲ್ಲೂ ಪೆಟ್ಟು. ದರ ಜಾಸ್ತಿಯಾಯಿತು ಅಂತ ಬರುವ ಜನಕ್ಕೆ ನಾನು ಮೊದಲು ಕೇಳುವುದು ಅಳತೆ. ದರವನ್ನು ನೀವಾಗಲಿ ನಾನಾಗಲಿ ಬದಲಾಯಿಸುವುದಕ್ಕೆ ಆಗುವುದಿಲ್ಲ. ಚದರಡಿ, ಕಟ್ಟಿದ ವರ್ಷ, ಬಳಕೆ, ಈ ಮೂರನ್ನು ದಾಖಲೆ ಕೊಟ್ಟು ಸರಿಮಾಡಿಸಬಹುದು.

ಬಿಬಿಎಂಪಿ ಹೋಗಿ ಸೆಪ್ಟೆಂಬರ್ 2025ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಆಗಿವೆ. "ಹೊಸ ಪಾಲಿಕೆ ಬಂತಲ್ಲ, ಹಳೆಯದೆಲ್ಲ ಹೋಯ್ತಾ?" ಅಂತ ಫೋನ್ ಮಾಡುತ್ತಾರೆ. ಬೋರ್ಡ್ ಬದಲಾದ ಮಾತ್ರಕ್ಕೆ ಹಳೆಯ ಬಾಕಿ ಹೋಗುವುದಿಲ್ಲ.

ಈ ಪ್ರಕರಣ ಆದ ಮೇಲೆ ಸಾಹೇಬರ ಹತ್ತಿರ ಎರಡು ವಿಷಯ ಕೇಳಿದೆ. ಒಂದು, ಇನ್‌ಕಮ್ ಟ್ಯಾಕ್ಸ್ ಟೇಬಲ್ಲಿನಲ್ಲಿ ಬಾಡಿಗೆ ಆದಾಯ ಇರುವ ಎಲ್ಲರ ಪಟ್ಟಿ ಮಾರ್ಚ್‌ನಲ್ಲೇ ನನಗೆ ಬರಬೇಕು. ಇನ್ನೊಂದು, ಏಪ್ರಿಲ್‌ನಲ್ಲಿ ರಸೀದಿ ಎಣಿಸುವುದನ್ನು ಬಿಡಬೇಕು. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ "ನೋಡೋಣ" ಅಂದರು. ಆ ಪಟ್ಟಿ ಮೊದಲ ಸಲ ಕೈಗೆ ಬಂದಾಗಲೇ ಟೀಚರಮ್ಮನ ಥರದ ಇನ್ನಷ್ಟು ಮನೆಗಳು ಸಿಕ್ಕಿದವು. ಇನ್ನೂ ನೋಟಿಸ್ ಬಂದಿರಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಫಾರಂ ಐದು ಹಾಕಿಸಿದೆ. ಜಾಸ್ತಿ ಕಟ್ಟಿ ಅಂತ ಹೇಳುವ ಆಡಿಟರ್ ಆಫೀಸು ಎಲ್ಲಾದರೂ ಉಂಟಾ ಅಂತ ಒಬ್ಬರು ಬೈದು ಫೈಲ್ ವಾಪಸ್ ತೆಗೆದುಕೊಂಡು ಹೋದರು. ಹೋಗಲಿ. ಅವರಿಗೂ ಮಹಡಿವಾರು ಲೆಕ್ಕದ ಹಾಳೆ ಫೈಲಿನಲ್ಲಿ ಹಾಕಿಯೇ ಕೊಟ್ಟಿದ್ದೇನೆ.

ಟೀಚರಮ್ಮ ಆಮೇಲೆ ಬಹಳ ದಿನ ನನ್ನ ಹತ್ತಿರ ಮುಖ ಕೊಟ್ಟು ಮಾತಾಡಲಿಲ್ಲ. ಕಂದಾಯ ಮಾತ್ರ ನಮ್ಮಲ್ಲೇ ಕಟ್ಟಿಸುತ್ತಾರೆ. ಹೋದ ಏಪ್ರಿಲ್‌ನಲ್ಲಿ ಬಂದಾಗ ಮೇಲಿನ ಮನೆ ಖಾಲಿ ಇದೆ, ಬಣ್ಣ ಹೊಡೆಸುತ್ತಿದ್ದೇನೆ, ಮಗ ವಾಪಸ್ ಬರುತ್ತಾನಂತೆ ಅಂದರು. ಹಾಗಾದರೆ ಇದನ್ನೂ ಬದಲಾವಣೆ ಅಂತ ತೋರಿಸಬೇಕು, ಮಗ ಬಂದು ವಾಸ ಶುರು ಮಾಡಿದ ಮೇಲೆ ಬಾಡಿಗೆಯಿಂದ ಸ್ವಂತಕ್ಕೆ ತಿದ್ದಿಸೋಣ, ಹಳೆಯ ಬಾಡಿಗೆದಾರರು ಮನೆ ಬಿಟ್ಟ ಪತ್ರ ಇದ್ದರೆ ತನ್ನಿ ಅಂದೆ. ಪತ್ರ ಕವರಿನಲ್ಲೇ ಇತ್ತು. ಅವತ್ತು ಪೋರ್ಟಲ್ ಎರಡು ಸಲ ಕೈಕೊಟ್ಟಿತು. ಅವರು ಎದುರಿನ ಕುರ್ಚಿಯಲ್ಲಿ ಕೂತು ಮಹಡಿವಾರು ಹಾಳೆಯನ್ನು ತಾವೇ ಕೂಡಿ ನೋಡಿ, ಉಪಕರದ ಸಾಲಿನಲ್ಲಿ ನಾನು ಬಿಟ್ಟಿದ್ದ ಪೈಸೆಯನ್ನು ಪೆನ್ಸಿಲ್ಲಿನಲ್ಲಿ ತಿದ್ದಿಕೊಟ್ಟರು.