ಗಾಡಿ ಓಡಿದ್ದು ಎಂಟು ಗಂಟೆ, ಡ್ರೈವರ್ ಎಷ್ಟು ಗಂಟೆ?

ನೆಲಮಂಗಲದ ಹತ್ತಿರ ಒಂದು ಗೋಡೌನ್‌ನಲ್ಲಿ ಡೆಲಿವರಿ ಗಾಡಿಗಳನ್ನು ಕಳಿಸುವ ಕೆಲಸ ನನ್ನದು. ಯಾರು ಯಾವ ರೂಟಿಗೆ, ಎಷ್ಟು ಅಂಗಡಿ, ಎಷ್ಟು ಮಾಲು ಅಂತ ಹಿಂದಿನ ರಾತ್ರಿಯೇ ಟ್ರಿಪ್ ಶೀಟ್ ಬರೆದಿಡುತ್ತೇನೆ. ನಮ್ಮಲ್ಲಿ ಹನ್ನೊಂದು ಜನ ಡ್ರೈವರ್‌ಗಳಿದ್ದಾರೆ.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ನಮ್ಮ ಹಿರಿಯ ಡ್ರೈವರ್ ಒಬ್ಬರು ಬಂದು ನನ್ನ ಟೇಬಲ್ ಹತ್ತಿರ ನಿಂತರು. ನನಗಿಂತ ಹದಿನೈದು ವರ್ಷ ದೊಡ್ಡವರು. ಅವರನ್ನು ನಾನು ಅಣ್ಣ ಅಂತಲೇ ಕರೆಯುವುದು.

"ಸಾರ್, ನಿನ್ನೆ ವಾಪಸ್ ಬರೋವಾಗ ಕ್ಯಾತ್ಸಂದ್ರ ಟೋಲ್ ಕ್ಯೂನಲ್ಲಿ ನಿದ್ದೆ ಬಂದ್ಬಿಡ್ತು. ಹಿಂದಿನವರು ಹಾರ್ನ್ ಹೊಡೆದಿದ್ದೂ ಗೊತ್ತಾಗ್ಲಿಲ್ಲ. ಟೋಲ್ ಹುಡುಗ ಬಂದು ಬಾಗಿಲು ಬಡಿದ. ಗಾಡಿ ನಿಂತಿತ್ತು, ಅದಕ್ಕೇ ಸರಿಹೋಯ್ತು."

ನಾನು ಜಿಪಿಎಸ್ ತೆಗೆದು ನೋಡಿದೆ. ಚಿತ್ರದುರ್ಗದ ಟ್ರಿಪ್. ಗಾಡಿ ಓಡಿದ್ದು 8 ಗಂಟೆ. ಸರಿಯಾಗೇ ಇದೆಯಲ್ಲ ಅಣ್ಣ, ಅಂದೆ. ಅವರು ವಾದ ಮಾಡಲಿಲ್ಲ. "ಗಾಡಿ ಎಂಟು ಗಂಟೆ ಓಡಿದೆ ಸಾರ್. ನಾನು ಬೆಳಗ್ಗೆ ಐದಕ್ಕೆ ಬಂದಿದ್ದೆ" ಅಂದರು, ಅಷ್ಟೆ.

ಅವತ್ತು ಸಂಜೆ ಕೂತು ಅವರ ದಿನವನ್ನು ಮೊದಲಿಂದ ಬರೆದೆ. ಬೆಳಗ್ಗೆ ಐದಕ್ಕೆ ಗೇಟು. ಹಮಾಲಿಗಳು ಬಂದಿದ್ದು ಆರೂವರೆಗೆ. ಲೋಡಿಂಗ್ ಮುಗಿದು ಗಾಡಿ ಹೊರಟಿದ್ದು ಎಂಟಕ್ಕೆ. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ. ಪ್ರತಿ ಅಂಗಡಿಯಲ್ಲೂ ಮಾಲು ಇಳಿಸಬೇಕು, ಬಾಕ್ಸ್ ಎಣಿಸಿ ಕೊಡಬೇಕು, ಬಿಲ್ಲಿಗೆ ಸಹಿ ಹಾಕಿಸಬೇಕು, ದುಡ್ಡು ವಸೂಲಿ ಮಾಡಬೇಕು. ಹಿರಿಯೂರಲ್ಲಿ ಅಂಗಡಿಯವರು ಊಟಕ್ಕೆ ಹೋಗಿದ್ದರಂತೆ. ಬಿಸಿಲಲ್ಲಿ ಒಂದೂವರೆ ಗಂಟೆ ಕಾದಿದ್ದಾರೆ. ವಾಪಸ್ ಬಂದು ಲೆಕ್ಕ ಕೊಟ್ಟು ಕೀಲಿ ಇಟ್ಟಾಗ ರಾತ್ರಿ ಹನ್ನೊಂದು. ಒಟ್ಟು 18 ಗಂಟೆ. ಇದರಲ್ಲಿ ನನ್ನ ಲೆಕ್ಕಕ್ಕೆ ಬಂದಿದ್ದು 8 ಮಾತ್ರ. ಉಳಿದ 10 ಗಂಟೆಯನ್ನು 'ಗಾಡಿ ನಿಂತಿತ್ತು' ಅಂತ ಬಿಟ್ಟಿದ್ದೆ. ಗಾಡಿ ನಿಂತರೆ ಡ್ರೈವರ್‌ಗೂ ವಿಶ್ರಾಂತಿ ಅಂದುಕೊಂಡಿದ್ದೆ. ಇಷ್ಟೆಲ್ಲ ಆದಮೇಲೆ ಬೆಳಗ್ಗೆ ಐದಕ್ಕೆ ಅವರು ಮತ್ತೆ ಗೇಟಿನಲ್ಲಿದ್ದರು. ಮಲಗಿದ್ದಾದರೂ ಯಾವಾಗ?

ಆಮೇಲೆ ಕಾನೂನು ಏನು ಹೇಳುತ್ತೆ ಅಂತ ಹುಡುಕಿ ಓದಿದೆ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಆಗ ಜಾರಿಯಲ್ಲಿತ್ತು. ಐದು ಅಥವಾ ಅದಕ್ಕಿಂತ ಜಾಸ್ತಿ ಸಾರಿಗೆ ಕೆಲಸಗಾರರಿರುವ ಕಡೆಗೆಲ್ಲ ಅದು ಅನ್ವಯ. ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ರೂಟು, ಹಬ್ಬದ ಸಮಯದಂಥ ಕಡೆ ಅಧಿಕಾರಿಗಳ ಒಪ್ಪಿಗೆ ಇದ್ದರೆ 10 ಮತ್ತು 54. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದಿದ್ದು ಗಂಟೆ ಎಣಿಸುವ ರೀತಿ. ಲೋಡ್ ಮಾಡುವುದು, ಇಳಿಸುವುದು, ರಿಜಿಸ್ಟರ್‌ಗೆ ಸಹಿ, ದುಡ್ಡಿನ ಲೆಕ್ಕ ಒಪ್ಪಿಸುವುದು, ಎಲ್ಲವೂ ಕೆಲಸದ ಹೊತ್ತೇ. ಒಂದೇ ಸಮ ಐದು ಗಂಟೆ ಕೆಲಸವಾದರೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು. ಆ ಬಿಡುವನ್ನೂ ಸೇರಿಸಿ, ದಿನದ ಕೆಲಸ ಶುರುವಿನಿಂದ ಕೊನೆಯವರೆಗೆ 12 ಗಂಟೆ ದಾಟಬಾರದು. ಇವತ್ತಿನ ಕೆಲಸ ಮುಗಿದ ಮೇಲೆ ನಾಳೆಯದು ಶುರುವಾಗುವ ಮುಂಚೆ 9 ಗಂಟೆ ಒಟ್ಟಿಗೆ ವಿಶ್ರಾಂತಿ ಸಿಗಬೇಕು. ನಮ್ಮ ಅಣ್ಣನಿಗೆ ಸಿಕ್ಕಿದ್ದು ಆರು. ಅದರಲ್ಲೇ ಮನೆಗೆ ಹೋಗಿ ಬರುವ ದಾರಿಯೂ ಸೇರಿದೆ.

2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಬಂದು ಈ ಹಳೆಯ ಕಾಯ್ದೆ ಅವುಗಳೊಳಗೆ ಸೇರಿತು. ದಿನಕ್ಕೆ 8 ಗಂಟೆ ಅನ್ನುವುದು ಅಲ್ಲೂ ಇದೆ.

ಗಂಟೆ ಇಳಿಸಲು ಹೋದಾಗ ಮೊದಲು ಬೇಡ ಅಂದಿದ್ದು ಡ್ರೈವರ್‌ಗಳೇ. ನಮ್ಮಲ್ಲಿ ಸಂಬಳ ಕಡಿಮೆ, ಟ್ರಿಪ್ಪಿಗೆ ಇಷ್ಟು ಅಂತ ಬಾಟಾ. ಟ್ರಿಪ್ ಕಡಿಮೆಯಾದರೆ ಬಾಟಾ ಹೋಯಿತು. "ನಿದ್ದೆ ಹೇಗೋ ಆಗುತ್ತೆ ಸಾರ್, ಮಗಳ ಫೀಸ್ ಕಟ್ಬೇಕು" ಅಂದರು ಒಬ್ಬರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ದುಡ್ಡು ಕಿತ್ತುಕೊಂಡು ಮಲಗು ಅಂದರೆ ಯಾರು ತಾನೇ ಮಲಗುತ್ತಾರೆ? ಹಾಗಾಗಿ ಮಾಲೀಕರ ಹತ್ತಿರ ಹೋಗಿ ಮೊದಲು ಕೇಳಿದ್ದು ಬಾಟಾ ವಿಷಯ. ಎರಡು ತಿಂಗಳು ಹಿಡಿಯಿತು. ಈಗ ದೂರದ ರೂಟಿಗೆ ಹೋಗಿ ಬಂದವರಿಗೆ ಮರುದಿನ ಹತ್ತಿರದ ರೂಟು ಕೊಡುತ್ತೇವೆ, ಬಾಟಾ ಮಾತ್ರ ಎರಡೂ ದಿನ ಒಂದೇ. ಕಾನೂನಿನ ಪ್ರಕಾರ ಓವರ್‌ಟೈಮಿಗೆ ಎರಡು ಪಟ್ಟು ಕೂಲಿ ಕೊಡಬೇಕು. ಅದನ್ನು ಪೂರ್ತಿ ಒಪ್ಪಿಸಲು ನನ್ನಿಂದ ಇನ್ನೂ ಆಗಿಲ್ಲ.

ಈಗ ಲೋಡಿಂಗ್ ಹಿಂದಿನ ಸಂಜೆಯೇ ಮುಗಿಯುತ್ತೆ, ಡ್ರೈವರ್ ಬೆಳಗ್ಗೆ ಏಳೂವರೆಗೆ ಬಂದರೆ ಸಾಕು. ಚಿತ್ರದುರ್ಗದ ರೂಟನ್ನು ಎರಡು ಗಾಡಿಗೆ ಹಂಚಿದೆವು. ಊಟದ ಹೊತ್ತಿಗೆ ಬಾಗಿಲು ಹಾಕುವ ಅಂಗಡಿಗಳ ಪಟ್ಟಿ ಮಾಡಿ ಅವನ್ನು ಬೆಳಗ್ಗೆಗೆ ಹಾಕಿದೆ. ಗೇಟಿನಲ್ಲಿ ಒಂದು ಪುಸ್ತಕ ಇಟ್ಟಿದ್ದೇನೆ. ಬಂದ ಹೊತ್ತು, ಕೀಲಿ ಕೊಟ್ಟ ಹೊತ್ತು, ಎರಡನ್ನೂ ಡ್ರೈವರೇ ಬರೆಯಬೇಕು. ನಾಳೆಯ ಟ್ರಿಪ್ ಶೀಟ್ ಬರೆಯುವ ಮುಂಚೆ ಆ ಪುಸ್ತಕ ನೋಡುತ್ತೇನೆ. ಕೀಲಿ ಕೊಟ್ಟು ಒಂಬತ್ತು ಗಂಟೆ ಆಗದೆ ಯಾರ ಹೆಸರನ್ನೂ ಹಾಕುವುದಿಲ್ಲ. ಜಿಪಿಎಸ್ ಈಗ ಗಾಡಿ ಎಲ್ಲಿದೆ ಅಂತ ನೋಡುವುದಕ್ಕೆ ಮಾತ್ರ.

ಹಬ್ಬದ ಸೀಸನ್ ಇನ್ನೂ ಕಷ್ಟವೇ. ಹೋದ ದೀಪಾವಳಿಯ ವಾರ ಪುಸ್ತಕದಲ್ಲಿ ನಾಲ್ಕು ಕಡೆ 13 ಗಂಟೆ ಇದೆ. ಆ ಪುಟದ ಫೋಟೋ ತೆಗೆದು, ಈ ಸಲ ಹಬ್ಬಕ್ಕೆ ಇನ್ನಿಬ್ಬರು ಡ್ರೈವರ್‌ಗಳು ಬೇಕು ಅಂತ ಮಾಲೀಕರಿಗೆ ಬರೆದುಕೊಟ್ಟಿದ್ದೇನೆ.